ಮಂದ್ರದ ತಂತಿ

ಮನೆಯ ಗೋಡೆಗಡಿಯಾರ ನಡೆಯುತ್ತಿರುವವರೆಗೂ ಅದರ ಸದ್ದು ಯಾರ ಗಮನಕ್ಕೂ ಬರುವುದಿಲ್ಲ; ನಿಂತ ದಿನ ಮಾತ್ರ ಎಲ್ಲರೂ ತಲೆಯೆತ್ತಿ ಗೋಡೆಯ ಕಡೆಗೆ ನೋಡುತ್ತಾರೆ. ಸಂಗೀತದಲ್ಲಿ ಮಂದ್ರದ ತಂತಿಯ ಪಾಡೂ ಇಂಥದೇ. ಹಾಡುಗಾರನ ತಾನಕ್ಕೆ ಸಭೆ ತಲೆದೂಗುತ್ತದೆ, ತಬಲದವನ ತಿಹಾಯಿಗೆ ‘ವಾಹ್ವಾ’ ಎನ್ನುತ್ತದೆ. ಹಿಂದೆ ಕುಳಿತು ರಾತ್ರಿಯೆಲ್ಲ ನಾಲ್ಕು ತಂತಿಗಳನ್ನು ಮೀಟುವವನ ಹೆಸರನ್ನು ಕೇಳುವವರಿಲ್ಲ. ಆದರೆ ಅವನ ಕೈ ಒಂದು ಕ್ಷಣ ನಿಂತಿತೋ, ಹಾಡುಗಾರನಿಗೆ ಕಾಲ ಕೆಳಗಿನ ನೆಲವೇ ಜರುಗಿದಂತಾಗುತ್ತದೆ.

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಅತನೂರಿನಲ್ಲಿ, ಒಬ್ಬ ನಿವೃತ್ತ ಮಾಸ್ತರರ ಮನೆಯಲ್ಲಿ ಇಂಥದೊಂದು ತಂತಿ ನಿಂತುಹೋಗಿತ್ತು. ಅದು ಮತ್ತೆ ನುಡಿದುದು ಮಾತ್ರ ಯಾರೂ ಎಣಿಸದ ರೀತಿಯಲ್ಲಿ.

ಅತನೂರಿನ ಸುತ್ತಿನದು ಕಪ್ಪು ನೆಲ. ತೊಗರಿ, ಜೋಳ ಬೆಳೆಯುವ ಸೀಮೆ. ತಾಲ್ಲೂಕಿನ ಅಂಚಿನಲ್ಲಿ ಭೀಮೆ ಹರಿಯುತ್ತಾಳೆ. ಕಡಕೋಳದ ಮಡಿವಾಳಪ್ಪನವರಂಥ ತತ್ವಪದಕಾರರು ಹಾಡಿ ನಡೆದಾಡಿದ ನಾಡು ಇದು. ಇಲ್ಲಿ ಅಮಾವಾಸ್ಯೆಯ ರಾತ್ರಿ ಭಜನೆ ಎಂದರೆ ಅದಕ್ಕೆ ಆಮಂತ್ರಣ ಬೇಕಿಲ್ಲ. ತಾಳ, ದಮ್ಮಡಿ, ಏಕತಾರಿ ತಾವಾಗಿಯೇ ಬಂದು ಸೇರುತ್ತವೆ. ಮಾಸ್ತರರು ಮೂವತ್ತು ವರ್ಷಗಳಿಗೂ ಮಿಕ್ಕಿ ಈ ಭಜನೆಯಲ್ಲಿ ಮುಂದಾಗಿ ಪದ ಎತ್ತಿದವರು. ಶಾಲೆಯಲ್ಲಿ ಮಗ್ಗಿ ಹೇಳಿಸುವಾಗ ಇದ್ದ ಬಿಗುವು ಹಾಡುವಾಗ ಅವರ ಮುಖದಲ್ಲಿ ಇರುತ್ತಿರಲಿಲ್ಲ. ಅವರ ಬಳಿ ಇದ್ದುದು ತಂದೆಯ ಕಾಲದ ಮಿರಜದ ತಂಬೂರಿ.

ಮಿರಜ ಈಗ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಸೇರಿದ್ದರೂ ಕನ್ನಡ ನಾಡಿನ ಹಾಡುಗಾರರಿಗೆ ಅದು ತವರುಮನೆಯಿದ್ದಂತೆ. ಕಿರಾನಾ ಘರಾಣೆಯ ಅಬ್ದುಲ್ ಕರೀಮ್ ಖಾನರು ನೆಲೆ ನಿಂತ ಊರು ಅದು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಅಲ್ಲಿ ವಾದ್ಯ ಮಾಡುವ ಮನೆತನಗಳವರು ಶಿಕಲಗಾರರು. ಹೆಸರೇ ಹೇಳುವಂತೆ ಅವರ ಹಿರಿಯರು ಕತ್ತಿ, ಕಠಾರಿಗಳನ್ನು ಸಾಣೆ ಹಿಡಿಯುತ್ತಿದ್ದವರು. ಹತ್ತೊಂಬತ್ತನೆಯ ಶತಮಾನದಲ್ಲಿ ರಾಜರುಗಳ ಯುದ್ಧಗಳು ತೀರಿದವು, ಕತ್ತಿಗೆ ಬೆಲೆ ಇಲ್ಲದಾಯಿತು. ಆಗ ಫರೀದ್ ಸಾಹೇಬ ಎಂಬ ಶಿಕಲಗಾರರು ತಂಬೂರಿ, ಸಿತಾರುಗಳ ಕಡೆಗೆ ಕೈ ತಿರುಗಿಸಿದರಂತೆ. ಉಕ್ಕನ್ನು ಹದ ಮಾಡಿದ ಬೆರಳುಗಳು ಸೋರೆಬುರುಡೆಯನ್ನು ಹದ ಮಾಡಲು ಕಲಿತವು. ಮಿರಜದ ಸಿತಾರು, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು.

ತಂಬೂರಿಯ ಬುರುಡೆಯಾಗುವ ದಪ್ಪ ಕಹಿಸೋರೆಗಳು ಬೆಳೆಯುವುದು ಪಂಢರಪುರ, ಮಂಗಳವೇಡೆಗಳ ಸುತ್ತಿನಲ್ಲಿ. ಎಂದರೆ ಅತನೂರಿನವರು ‘ನಮ್ಮ ಭೀಮೆ’ ಎನ್ನುವ ಅದೇ ಹೊಳೆಯ ಸೀಮೆಯಲ್ಲಿ. ಕಾಯನ್ನು ತಿಂಗಳುಗಟ್ಟಲೆ ಒಣಗಿಸಿ, ಮತ್ತೆ ನೀರಿನಲ್ಲಿ ನೆನೆಸಿ, ಬಾಯಿ ಕೊಯ್ದು, ಒಳಗಿನ ತಿರುಳನ್ನು ಕೆರೆದು ತೆಗೆಯುತ್ತಾರೆ. ತುಣ್ ಎಂಬ ಕೆಂಪುಛಾಯೆಯ ಮರದ ದಂಡಿ, ಮೇಲೊಂದು ಮರದ ಮುಚ್ಚಳ, ಅದರ ಮೇಲೆ ಅಗಲವಾದ ಕುದುರೆ. ಇಷ್ಟಾದರೂ ತಂಬೂರಿ ಇನ್ನೂ ಮೂಕವೇ. ಕುದುರೆಯ ಬೆನ್ನನ್ನು ಕೂದಲೆಳೆಯಷ್ಟು ಉಜ್ಜಿ ಉಜ್ಜಿ ಕಂಡೂ ಕಾಣದ ಇಳಿಜಾರು ಕೊಡಬೇಕು. ತಂತಿಗೂ ಕುದುರೆಗೂ ನಡುವೆ ಹತ್ತಿಯ ಒಂದು ಎಳೆ ದಾರವನ್ನು ತೂರಿಸಬೇಕು. ಅದಕ್ಕೆ ಜೀವಾಳಿ ಎಂದು ಹೆಸರು. ದಾರ ಒಂದು ಕೂದಲಿನಷ್ಟು ಅತ್ತ ಸರಿದರೆ ತಂತಿ ‘ಟಣ್’ ಎಂದು ಸುಮ್ಮನಾಗುತ್ತದೆ. ಸರಿಯಾದ ಎಡೆಯಲ್ಲಿ ನಿಂತರೆ ಒಂದೇ ತಂತಿಯಿಂದ ಹತ್ತು ಸ್ವರಗಳು ಜೇನುಹುಳುಗಳಂತೆ ಎದ್ದು ಗುಂಯ್‌ಗುಡುತ್ತವೆ. ಇದೇ ಜವಾರಿ. ಇದನ್ನು ಅಳೆಯುವ ಮಾಪು ಕಿವಿಯೊಂದೇ.

ಅರುವತ್ತೈದು ದಾಟಿದ ಮೇಲೆ ಮಾಸ್ತರರಿಗೆ ತಂಬೂರಿಯ ಮೇಲೆ ಅನುಮಾನ ಹುಟ್ಟಿತು. ಜವಾರಿ ಸತ್ತಿದೆ ಎಂದರು. ದಾರ ಬದಲಿಸಿದರು, ತಂತಿ ಬದಲಿಸಿದರು. ಕೊನೆಗೆ ಬಟ್ಟೆಯಲ್ಲಿ ಸುತ್ತಿ, ಮಗನನ್ನು ಜತೆಗೆ ಕರೆದುಕೊಂಡು ಸೊಲ್ಲಾಪುರ, ಪಂಢರಪುರಗಳ ಮೇಲೆ ಹಾದು ಮಿರಜಕ್ಕೆ ಹೋದರು. ಅಲ್ಲಿಯ ಹಿರಿಯ ಕಾರಿಗರರು ಕುದುರೆಯನ್ನು ಉಜ್ಜಿ, ದಾರವನ್ನು ಕೂಡಿಸಿ ಮೀಟಿದರು. ಅಂಗಡಿಯೆಲ್ಲ ತುಂಬಿತು. ಮಗ ತಂದೆಯ ಮುಖ ನೋಡಿದ. ಮಾಸ್ತರರು ತಲೆಯಾಡಿಸಿ, “ಇನ್ನೂ ಬಂದಿಲ್ಲರಿ” ಎಂದರು.

ಕಾರಿಗರರು ಮತ್ತೊಮ್ಮೆ ಮೀಟಿದರು. ಬಳಿಕ ಏನನ್ನೂ ಹೇಳದೆ ಮಾಸ್ತರರ ಕೈಯನ್ನು ಹಿಡಿದು ಬುರುಡೆಯ ಮೇಲೆ ಇಟ್ಟು, ಕೊನೆಯ ದಪ್ಪ ತಂತಿಯೊಂದನ್ನೇ ಮೀಟಿದರು. ಅಂಗೈಗೆ ನಡುಕ ಹತ್ತಿತು. ಮಾಸ್ತರರಿಗೆ ಆಗ ಅರ್ಥವಾಯಿತು: ಸತ್ತಿರುವುದು ತಂಬೂರಿಯ ಜವಾರಿಯಲ್ಲ.

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಜವಾರಿಯೆಂಬುದು ಇಂಥ ಎತ್ತರದ, ಸೂಕ್ಷ್ಮವಾದ ಅನುಸ್ವರಗಳ ಗುಂಪೇ ಆದುದರಿಂದ ಅದೇ ಮೊದಲು ಮರೆಯಾಗುತ್ತದೆ. ತಗ್ಗಿನ ಸ್ವರಗಳು ಹೆಚ್ಚು ಕಾಲ ಉಳಿಯುತ್ತವೆ. ವೈದ್ಯರು ಇದನ್ನೇ ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಕಿವಿಗೆ ಯಂತ್ರವನ್ನೂ ಕೊಟ್ಟರು. ಯಂತ್ರದಿಂದ ಮಾತು ಕೇಳಿಸಿತು. ಸಂಗೀತ ಮಾತ್ರ ತಗಡಿನ ಮೇಲೆ ಬಿದ್ದ ಮಳೆಯಂತಾಯಿತು. ತಂಬೂರಿ ಗವಸು ಹಾಕಿಕೊಂಡು ಗೋಡೆಯ ಗೂಟ ಸೇರಿತು. ಭಜನೆಯಲ್ಲಿ ಅದರ ಜಾಗಕ್ಕೆ ವಿದ್ಯುತ್ ತಂಬೂರಿಯ ಪೆಟ್ಟಿಗೆ ಬಂದಿತು. 1979ರ ಸುಮಾರಿಗೆ ಬೆಂಗಳೂರಿನಲ್ಲಿ ಹುಟ್ಟಿದ ಈ ಪೆಟ್ಟಿಗೆ ಎಷ್ಟೋ ಹಾಡುಗಾರರಿಗೆ ಉಪಕಾರಿಯಾದುದು ನಿಜ. ಆದರೆ ಅದರ ಸಣ್ಣ ಧ್ವನಿ ಮಾಸ್ತರರಿಗೆ ಕೇಳಿಸದು. ಎರಡು ಅಮಾವಾಸ್ಯೆ ಶ್ರುತಿ ಬಿಟ್ಟು ಹಾಡಿದರು. ಮೂರನೆಯದಕ್ಕೆ, “ಗಂಟಲು ಸರಿ ಇಲ್ಲ” ಎಂದು ಮನೆಯಲ್ಲಿಯೇ ಉಳಿದರು.

ಮಗ ಊರಿನಲ್ಲಿ ಪಂಪುಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತಿಕೊಡುವವನು. ಬೇಸಗೆಯಲ್ಲಿ ಸುಟ್ಟುಹೋದ ಮೋಟಾರುಗಳು ಅವನ ಮನೆಯ ಪಡಸಾಲೆಯಲ್ಲಿ ಸಾಲಾಗಿ ಕುಳಿತಿರುತ್ತವೆ. ಪುಣೆಯಲ್ಲಿ ಎರಡು ವರ್ಷ ಕೆಲಸ ಮಾಡಿ ಬಂದಾಗ ಅಲ್ಲಿ ಅವನಿಗೆ ಹತ್ತಿದ ಹುಚ್ಚೆಂದರೆ ಬೇಸ್ ಗಿಟಾರು. ನಾಲ್ಕೇ ದಪ್ಪ ತಂತಿಗಳ ಆ ವಿದ್ಯುತ್ ವಾದ್ಯ ಪಾಶ್ಚಾತ್ಯ ಮೇಳದಲ್ಲಿ ಮಾಡುವ ಕೆಲಸ ನಮ್ಮ ಮಂದ್ರದ ತಂತಿಯ ಕೆಲಸಕ್ಕೆ ಬಲು ಹತ್ತಿರದ್ದು: ತಾನು ಮುಂದೆ ಬಾರದೆ ಎಲ್ಲರಿಗೂ ನೆಲವಾಗಿ ನಿಲ್ಲುವುದು. ಇಂಥದೊಂದನ್ನು ತಾನೇ ಮಾಡಬೇಕೆಂಬ ಆಸೆ ಅವನಿಗೆ ಮೊದಲಿನಿಂದಲೂ ಇತ್ತು. ಮಿರಜದಿಂದ ಮರಳುವ ಗಾಡಿಯಲ್ಲಿ, ಕಿಟಕಿಯ ಕಡೆಗೆ ಮುಖ ತಿರುಗಿಸಿ ಕುಳಿತ ತಂದೆಯ ಅಂಗೈ ಇನ್ನೂ ಮಡಿಚಿಕೊಂಡೇ ಇದ್ದುದನ್ನು ಕಂಡು ಆ ಆಸೆ ಸಂಕಲ್ಪವಾಯಿತು.

ಮನೆಯಲ್ಲಿ ಕುಳಿತು ಇಂಥ ವಾದ್ಯ ಮಾಡುವುದು ಹುಚ್ಚಾದರೆ, ಆ ಹುಚ್ಚಿಗೆ ಒಳ್ಳೆಯ ವಂಶಾವಳಿಯೇ ಇದೆ. 1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ‘ಪ್ರಿಸಿಷನ್ ಬೇಸ್’ ಎಂಬ ವಾದ್ಯವನ್ನು ಹೊರತಂದ ಲಿಯೊ ಫೆಂಡರ್ ಮೊದಲಿಗೆ ರೇಡಿಯೊ ರಿಪೇರಿ ಮಾಡುತ್ತಿದ್ದವನು. ಆತನಿಗೆ ಗಿಟಾರು ಬಾರಿಸಲು ಬರುತ್ತಿರಲಿಲ್ಲ! ಆಳೆತ್ತರದ ಡಬಲ್ ಬೇಸನ್ನು ಹೊತ್ತು ಬಳಲುತ್ತಿದ್ದ ವಾದಕರ ಕಷ್ಟ ಮಾತ್ರ ಆತನಿಗೆ ಕಂಡಿತ್ತು. ಇನ್ನು ಇಂಗ್ಲೆಂಡಿನ ಬ್ರಯನ್ ಮೇ ಎಂಬ ಹುಡುಗ 1963ರಲ್ಲಿ ತಂದೆಯ ಜತೆ ಸೇರಿ ಮನೆಯಲ್ಲಿಯೇ ಗಿಟಾರು ಕಟ್ಟಲು ತೊಡಗಿದ. ಕೊಳ್ಳಲು ಹಣವಿರಲಿಲ್ಲ. ಹಳೆಯ ಅಗ್ಗಿಷ್ಟಿಕೆಯ ಮಹಾಗನಿ ಹಲಗೆ ಅದರ ದಂಡಿಯಾಯಿತು, ಮೋಟಾರ್‌ಸೈಕಲ್ಲಿನ ಸ್ಪ್ರಿಂಗುಗಳು ಒಳಗೆ ಸೇರಿದವು, ತಾಯಿಯ ಹೊಲಿಗೆ ಪೆಟ್ಟಿಗೆಯ ಮುತ್ತಿನ ಚಿಪ್ಪಿನ ಗುಂಡಿಗಳು ದಂಡಿಯ ಮೇಲಿನ ಗುರುತುಗಳಾದವು. ಮುಂದೆ ಆ ಹುಡುಗ ‘ಕ್ವೀನ್’ ಎಂಬ ಮೇಳದಲ್ಲಿ ಜಗತ್ತೆಲ್ಲ ತಿರುಗಿದಾಗಲೂ ಅದನ್ನೇ ನುಡಿಸಿದ.

ಅತನೂರಿನಲ್ಲಿ ಅಗ್ಗಿಷ್ಟಿಕೆ ಎಲ್ಲಿಂದ ಬರಬೇಕು? ಆದರೆ ಮಾಳಿಗೆ ಮನೆಯನ್ನು ಕೆಡವಿ ಹೊಸ ಛಾವಣಿ ಹಾಕಿಸಿದಾಗ ಉಳಿದ ಸಾಗವಾನಿಯ ತೊಲೆ ಹಿತ್ತಲಿನಲ್ಲಿತ್ತು. ಎರಡು ವರ್ಷದ ಹಿಂದೆ ಗಾಳಿಗೆ ಉರುಳಿದ ಬೇವಿನ ಮರದ ಹಲಗೆಗಳೂ ಇದ್ದವು. ಮಗ ನೆರೆಯ ಬಡಿಗೇರ ಕಾಕಾನನ್ನು ಕರೆತಂದ. ಕಾಕಾ ತೊಲೆಯನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು, “ತಮ್ಮಾ, ಈ ಮರ ಅತ್ತಿತ್ತ ಆಡೋದು ಬಿಟ್ಟು ಭಾಳ ದಿನ ಆಯ್ತು. ಇನ್ನ ಮಣಿಯಂಗಿಲ್ಲ. ಕೊಯ್ಯಲಾಕ ಅಡ್ಡಿಲ್ಲ” ಎಂದ. ಸಾಗವಾನಿ ದಂಡಿಗೆ, ಬೇವು ಒಡಲಿಗೆ ಎಂದು ಗೊತ್ತಾಯಿತು. ಸೋಜಿಗವೆಂದರೆ ಮಿರಜದ ತುಣ್, ಇಂಗ್ಲೆಂಡಿನ ಹುಡುಗನ ಮಹಾಗನಿ, ಅತನೂರಿನ ಬೇವು ಮೂರೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಕುಟುಂಬದ ಮರಗಳು.

ಪಡಸಾಲೆ ಕಾರ್ಖಾನೆಯಾಯಿತು. ಮಾಸ್ತರರು ಒಂದೆರಡು ದಿನ ನೋಡಿದರು. “ಮೋಟಾರು ಸುತ್ತೋದು ಬಿಟ್ಟು ಇದೇನು ಆಟಿಗೆ?” ಎಂದು ಕೇಳಿ, ಉತ್ತರ ಕೇಳಿಸದವರಂತೆ ಎದ್ದುಹೋದರು. ನಿಜಕ್ಕೂ ಕೇಳಿಸಲಿಲ್ಲವೋ ಏನೋ.

ಬೇಸಿನ ತಂತಿಯ ನುಡಿಯುವ ಉದ್ದ 34 ಅಂಗುಲ, ಎಂದರೆ ಸುಮಾರು 864 ಮಿಲಿಮೀಟರು. ಸಿತಾರಿನ ಮೆಟ್ಟಿಲುಗಳನ್ನು ದಾರದಿಂದ ಕಟ್ಟಿರುತ್ತಾರೆ, ಬೇಕಾದಾಗ ಸರಿಸಬಹುದು. ಇಲ್ಲಿ ಮೆಟ್ಟಿಲನ್ನು ಮರದಲ್ಲಿ ಗೀರು ಹೊಡೆದು ಕೂಡಿಸುವುದರಿಂದ ಒಮ್ಮೆ ತಪ್ಪಿದರೆ ತಪ್ಪಿದಂತೆಯೇ. ಉಳಿದ ಉದ್ದವನ್ನು 17.817ರಿಂದ ಭಾಗಿಸುತ್ತ ಹೋದರೆ ಒಂದೊಂದೇ ಮೆಟ್ಟಿಲಿನ ಎಡೆ ಸಿಗುತ್ತದೆ: ಮೊದಲನೆಯದು 48.5 ಮಿಲಿಮೀಟರಿಗೆ, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ. ಮಗ ಲೆಕ್ಕ ಸರಿಯಾಗಿಯೇ ಮಾಡಿದ. ಆದರೆ ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಎಂದು ಪಟ್ಟಿ ಇಟ್ಟು ಅಳೆದ. ಪ್ರತಿಸಲವೂ ಕಾಲು ಮಿಲಿಮೀಟರು ತಪ್ಪಿ, ಇಪ್ಪತ್ತನೆಯದಕ್ಕೆ ಬರುವಷ್ಟರಲ್ಲಿ ತಪ್ಪು ಅರ್ಧ ಸೆಂಟಿಮೀಟರಾಗಿತ್ತು. ಎರಡು ವಾರದ ಕೆಲಸ ಒಲೆಗೆ ಹೋಯಿತು.

ಆ ಸಂಜೆ ಅವನು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಾಗ ಮಾಸ್ತರರು ಬಂದು ಹಲಗೆಯನ್ನೂ ಬರೆದಿಟ್ಟ ಲೆಕ್ಕವನ್ನೂ ನೋಡಿದರು. ಮೂವತ್ತು ವರ್ಷ ಗಣಿತ ಹೇಳಿದ ಕಣ್ಣು. “ಅಳತಿ ಎಲ್ಲಾ ಒಂದೇ ಕಡಿಂದ ಹಿಡಿಬೇಕಪಾ. ನೆರೆಮನೀಯಿಂದ ನೆರೆಮನೀಗೆ ಅಳಕೋತ ಹೋದ್ರ ಊರು ಎಲ್ಲಿ ಮುಗೀತದಂತ ತಿಳಿಯಂಗಿಲ್ಲ” ಎಂದರು. ಮರುದಿನ ಎಲ್ಲ ಇಪ್ಪತ್ತು ಅಳತೆಗಳನ್ನೂ ದಂಡಿಯ ತಲೆಯಿಂದಲೇ ಲೆಕ್ಕ ಹಾಕಿ, ಶಾಲೆಯ ಅಂದವಾದ ಅಕ್ಷರದಲ್ಲಿ ಬರೆದುಕೊಟ್ಟರು. ಅಲ್ಲಿಂದ ಅವರ ಕುರ್ಚಿ ಪಡಸಾಲೆಗೆ ಬಂದಿತು.

ಕೆಲಸ ಆಮೇಲೆ ಸರಾಗವಾಗಿ ಸಾಗಿತು ಎನ್ನುವಂತಿಲ್ಲ. ನಾಲ್ಕು ತಂತಿಗಳನ್ನು ಬಿಗಿದಾಗ ದಂಡಿಯ ಮೇಲೆ ಬೀಳುವ ಎಳೆತ ಸುಮಾರು 75 ಕಿಲೊ. ಮುಕ್ಕಾಲು ಕ್ವಿಂಟಲ್ ತೊಗರಿಯನ್ನು ನೇತುಹಾಕಿದಂತೆ. ದಂಡಿ ಬಿಲ್ಲಾಗದಿರಲು ಅದರೊಳಗೆ ಕಾಲುವೆ ಕೊರೆದು ಉಕ್ಕಿನ ಸರಳನ್ನು ಹುದುಗಿಸಬೇಕು. ಬಡಿಗೇರ ಕಾಕಾ ಆ ಕಾಲುವೆಗಾಗಿ ಒಂದು ಉಳಿಯನ್ನೇ ಹೊಸದಾಗಿ ಹದ ಮಾಡಿಕೊಂಡ. ಗುರುತುಗಳಿಗೆ ಏನು ಎಂಬ ಪ್ರಶ್ನೆ ಬಂದಾಗ ಮಗ ಇಂಗ್ಲೆಂಡಿನ ಕಥೆಯನ್ನು ತಾಯಿಗೆ ಹೇಳಿದ. ಅವ್ವ ಟ್ರಂಕಿನ ತಳದಿಂದ ಅತ್ತೆಮಾವಂದಿರ ಕಾಲದ ಒಂದು ಜುಬ್ಬ ತೆಗೆದು, “ಗುಂಡಿ ಕೊಡ್ತೀನಿ, ಅಂಗಿ ಕೊಡಂಗಿಲ್ಲ” ಎಂದಳು. ಅದರ ಚಿಪ್ಪಿನ ಗುಂಡಿಗಳು ದಂಡಿಯ ಮೇಲೆ ಕುಳಿತವು.

ಧ್ವನಿಯನ್ನು ಹಿಡಿಯುವ ಭಾಗ ಮಗನ ಸ್ವಂತ ವಿದ್ಯೆಗೆ ಸೇರಿದ್ದು. ಅಯಸ್ಕಾಂತದ ತುಂಡುಗಳ ಸುತ್ತ ತಾಮ್ರದ ತಂತಿ ಸುತ್ತುವುದು. ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ಕಂಪಿಸಿದಾಗ ಆ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದನ್ನು ದೊಡ್ಡದು ಮಾಡಿದರೆ ನಾದ. ಮೋಟಾರಿನ ತತ್ವವೇ, ತಿರುಗುಮುರುಗಾಗಿ. ಆದರೆ ಪಂಪಿನ ತಂತಿ ಎಲ್ಲಿ, ಇದೆಲ್ಲಿ! ಕೂದಲಿಗೆ ಸಮನಾದ ಈ ತಂತಿಯನ್ನು ಹತ್ತು ಸಾವಿರ ಸುತ್ತು ಸುತ್ತಬೇಕು. ಕೈ ಬಿಗಿಯಾದರೆ ಹರಿಯುತ್ತದೆ, ಸಡಿಲವಾದರೆ ಕಿರಿಚುತ್ತದೆ. ಮೂರು ಸಲ ಹರಿಯಿತು. ನಾಲ್ಕನೆಯ ಸಲ ಮಾಸ್ತರರು ಪಕ್ಕದಲ್ಲಿ ಕುಳಿತು ನೂರು ನೂರಕ್ಕೊಂದು ಗೆರೆ ಹಾಕುತ್ತ ಎಣಿಸಿದರು.

ವಾದ್ಯ ಮುಗಿದ ದಿನ ಅದನ್ನು ಗುಡಿಯ ಧ್ವನಿವರ್ಧಕಕ್ಕೆ ಜೋಡಿಸಿದರು. ಮಂಡಕ್ಕಿ ಹುರಿದಂಥ ಚಟಪಟ ಬಿಟ್ಟರೆ ಬೇರೇನೂ ಬರಲಿಲ್ಲ. ತುತ್ತೂರಿಯಂಥ ಆ ಭೋಂಗಾಕ್ಕೆ ತಗ್ಗಿನ ಸ್ವರವನ್ನು ಹೊರಡಿಸುವ ಶಕ್ತಿಯೇ ಇಲ್ಲ. ಮಂಟಪ ಹಾಕುವವರ ಬಳಿ ಮೂಲೆಗೆ ಬಿದ್ದಿದ್ದ 15 ಅಂಗುಲದ ಹಳೆಯ ಸ್ಪೀಕರನ್ನು ತಂದರು. ಈಗ ಧ್ವನಿ ಬಂದಿತು, ಜತೆಗೆ ಗುಂಗಾಡಿನಂಥ ಸದ್ದೂ ಬಂದಿತು. ಒಳಗಿನ ಗುಂಡಿಗೆ ತಗಡು ಹೊದಿಸಿ, ಕುದುರೆಯಿಂದ ಭೂಸ್ಪರ್ಶದ ತಂತಿ ಎಳೆದ ಮೇಲೆ ಆ ಸದ್ದು ಅಡಗಿತು.

ಮಗ ಅತ್ಯಂತ ದಪ್ಪ ತಂತಿಯನ್ನು ಮೀಟಿದ. ಸೆಕೆಂಡಿಗೆ 41 ಸಲ ಕಂಪಿಸುವ ತಂತಿ. ಗೂಟದ ತಂಬೂರಿಯ ಗವಸು ನಡುಗಿತು; ಅಡಿಗೆಮನೆಯಲ್ಲಿ ಲೋಟ ಕಿಣಿಗುಟ್ಟಿತು. ಮಾಸ್ತರರು ಕಿವಿಯ ಯಂತ್ರವನ್ನು ತೆಗೆದು ಜೇಬಿಗೆ ಹಾಕಿಕೊಂಡರು.

“ಇನ್ನೊಮ್ಮೆ ಮೀಟು” ಎಂದರು.

ಮೀಟಿದ.

“ನನ್ನ ಷಡ್ಜ ಇದಲ್ಲ. ಕರಿ ಒಂದು ಹಿಡಿ.”

ಕರಿ ಒಂದರ ಮಂದ್ರ ಷಡ್ಜ ಸೆಕೆಂಡಿಗೆ ಸುಮಾರು 69 ಕಂಪನ. ಅದು ಬೇಸಿನಲ್ಲಿ ಪಕ್ಕದ ತಂತಿಯ ನಾಲ್ಕನೆಯ ಮೆಟ್ಟಿಲಿಗೆ ಬರುತ್ತದೆ. ಅದೇ ಮೆಟ್ಟಿಲಿನಲ್ಲಿ ಕೆಳಗಿನ ದಪ್ಪ ತಂತಿಯನ್ನು ಒತ್ತಿದರೆ ಅದರ ಪಂಚಮ. ಮಗ ಪಂಚಮ ಮೀಟಿದ, ಷಡ್ಜ ಮೀಟಿದ. ಮಾಸ್ತರರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದು ಎಳೆ ಹತ್ತಿಯ ದಾರವನ್ನು ತಂದು ಬೇಸಿನ ಕುದುರೆಯ ಮೇಲೆ ತಂತಿಯ ಕೆಳಗೆ ತೂರಿಸಿ ನೋಡಿದರು. ಕುದುರೆ ಕಿರಿದು, ಜವಾರಿ ಹುಟ್ಟಲಿಲ್ಲ. ಅವರು ನಕ್ಕು ದಾರವನ್ನು ತೆಗೆದರು. ಮನೆಯಲ್ಲಿ ಆ ನಗೆ ಕೇಳಿ ವರ್ಷವಾಗಿತ್ತು.

ಮುಂದಿನ ಅಮಾವಾಸ್ಯೆಗೆ ಭಜನೆಯವರು ಗುಡಿಯ ಕಟ್ಟೆಯ ಮೇಲೆ ಆ ವಾದ್ಯವನ್ನು ಕಂಡು ಕಕ್ಕಾಬಿಕ್ಕಿಯಾದರು. ಏಕತಾರಿಯ ಹಿರಿಯರೊಬ್ಬರು, “ಇದು ಸಿನಿಮಾದ್ದಲ್ಲೇನ್ರಿ ಮಾಸ್ತರ್ರ?” ಎಂದೇ ಬಿಟ್ಟರು. ಮಾಸ್ತರರು ಏನೂ ಹೇಳದೆ ಸ್ಪೀಕರಿಗೆ ಬೆನ್ನು ತಾಗಿಸಿ ಕುಳಿತರು. ಮಗ ನಿಧಾನವಾಗಿ ಪಂಚಮ, ಷಡ್ಜ ಹಿಡಿದ. ಬೆರಳಿಗೆ ಬರುವ ಚಮತ್ಕಾರಗಳು ಎಷ್ಟೋ ಇದ್ದವು. ಒಂದನ್ನೂ ಹೊರಗೆ ಬಿಡಲಿಲ್ಲ. ಇಡೀ ರಾತ್ರಿ ಎರಡೇ ಸ್ವರಗಳನ್ನು ಅದೇ ತೂಕದಲ್ಲಿ ಮೀಟುವುದು ಎಷ್ಟು ಕಷ್ಟವೆಂಬುದು ಅವನಿಗೆ ಅಂದೇ ತಿಳಿಯಿತು. ಮಾಸ್ತರರು ಕಣ್ಣು ಮುಚ್ಚಿ, ಬೆನ್ನಿನಿಂದಲೇ ಕೇಳಿಕೊಂಡು ಪದ ಎತ್ತಿದರು. ಶ್ರುತಿ ಸರಿಯಾಗಿ ಕೂಡಿತು.

ಆದರೆ ಮೊದಲ ಪದ ಮುಗಿದೊಡನೆ ಅವರು ಹಾಡು ನಿಲ್ಲಿಸಿದರು. ಬಡಿಗೇರ ಕಾಕಾನ ಮೊಮ್ಮಗಳನ್ನು ಕರೆದು, “ಮಗಳೇ, ಮನೀಗೆ ಹೋಗಿ ಗೂಟದಾಗಿಂದು ತಂಬೂರಿ ಇಳಿಸ್ಕೊಂಡು ಬಾ” ಎಂದರು. ತಾವೇ ಬಿರಡೆ ತಿರುವಿದರು. ದಾರ ಕೂಡಿಸುವಾಗ ಮಾತ್ರ ತಂಬೂರಿಯನ್ನು ಹುಡುಗಿಯ ಕಿವಿಯ ಬಳಿ ಹಿಡಿದು, “ಗುಂಯ್ ಅಂದಾಗ ಹೇಳು” ಎಂದರು. ಹುಡುಗಿ ತಲೆಯಾಡಿಸಿ, ಆಡಿಸಿ, ಒಮ್ಮೆಲೇ ಕಣ್ಣರಳಿಸಿ, “ಬಂತು!” ಎಂದಳು.

“ಬಂತಲ್ಲ, ಸಾಕು. ಮೀಟಾಕ ಹಿಡಿ” ಎಂದರು ಮಾಸ್ತರರು. “ನನಗ ಕೇಳ್ಸಲಿಲ್ಲಂತ ಉಳದವರಿಗೆ ಯಾಕ ನಿಲ್ಲಿಸ್ಬೇಕು?”

ಈಗ ಅತನೂರಿನ ಅಮಾವಾಸ್ಯೆ ಭಜನೆಯಲ್ಲಿ ತಂಬೂರಿಯೂ ಇದೆ, ಬೇಸೂ ಇದೆ. ಒಂದು ಕೇಳುವವರಿಗಾಗಿ, ಒಂದು ಹಾಡುವವರಿಗಾಗಿ. ಮಂಗಳ ಮುಗಿದ ಮೇಲೆ ಮಾಸ್ತರರು ಎರಡೂ ವಾದ್ಯಗಳಿಗೆ ತಾವೇ ಗವಸು ಹಾಕುತ್ತಾರೆ. ಬೇಸಿನ ಗವಸನ್ನು ಹೊಲಿದುಕೊಟ್ಟವಳು ಅವ್ವ. ಆ ಜುಬ್ಬದ ಬಟ್ಟೆಯಿಂದಲೇ.